ಸಿಂಗಾರಿ ಕದ್ದು ಕೇಳಿದ ಮಾತು

ಪುಟ್ಟ ಓದುಗರೇ, ಮಂಗಟ್ಟೆ ಹಕ್ಕಿಯನ್ನು ನೋಡಿದ್ದೀರಾ? ಮೈಗಿಂತ ಕೊಕ್ಕೇ ಜಾಸ್ತಿಯೇನೋ ಅನ್ನಿಸುವ ಹಕ್ಕಿ. ಅದರ ಸಂಸಾರದ ರೀತಿಯೇ ಬೇರೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು, ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಯುತ್ತದೆ. ಮರಿ ದೊಡ್ಡದಾಗುವವರೆಗೆ ಗಂಡು ಆ ಸಂದಿಯಿಂದಲೇ ಹಣ್ಣು ಕೊಡಬೇಕು.

ಒಂದು ಕಾಡಿನಲ್ಲಿ, ಹೊಳೆಯ ದಂಡೆಯ ತಾರೆಮರದಲ್ಲಿ, ಸಿಂಗಾರಿ ಎಂಬ ಮಂಗಟ್ಟೆ ಹೀಗೆ ಒಳಗೆ ಕೂತಿದ್ದಳು. ಅವಳ ಗಂಡ ಕೊಂಬಯ್ಯ ದಿನಕ್ಕೆ ಎಂಟು ಹತ್ತು ಸಲ ಹಣ್ಣು ತರುತ್ತಿದ್ದ. ಪ್ರತಿ ಸಲವೂ ಹಣ್ಣಿನ ಜೊತೆ ಒಂದು ಸುದ್ದಿ ತರುತ್ತಿದ್ದ.

"ಇವತ್ತು ಕರಡಿ ಜೇನಿಗೆ ಹೋಗಿ ಮೂಗು ಊದಿಸಿಕೊಂಡು ಬಂದಿದೆ ಕಣೇ. ನೋಡಿದವರಿಗೆಲ್ಲ ನೆಗಡಿ ಅಂತ ಹೇಳ್ತಿದೆ."

ಕತ್ತಲಲ್ಲಿ ಕೂತ ಸಿಂಗಾರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳು ಹಣ್ಣಿಗಿಂತ ಹೆಚ್ಚಾಗಿ ಆ ಸುದ್ದಿಗೇ ಕಾಯುತ್ತಿದ್ದಳು.

ಆದರೆ ಒಂಟಿಯಾಗಿ ಕೂತವರ ತಲೆ ಸುಮ್ಮನಿರುತ್ತದೆಯೇ? ಸಂಜೆ ಹೊತ್ತು ಕೊಂಬಯ್ಯ ಬರುವುದು ತುಸು ತಡವಾಗುತ್ತಿತ್ತು.

"ಎಲ್ಲಿದ್ದಿರಿ ಇಷ್ಟು ಹೊತ್ತು?"

"ಹೊಳೆಯಾಚೆ ಅತ್ತಿಮರದಲ್ಲಿ. ಕೆಂಜಳಿಲು ಸಿಕ್ಕಿದ್ದ, ಮಾತಾಡ್ತಾ ಕೂತೆ."

"ಏನು ಮಾತು?"

"ಏನೋ ಹಳೇ ಗೆಳೆಯರ ಮಾತು, ಬಿಡು."

ಬಿಡು ಅಂದದ್ದನ್ನೇ ಸಿಂಗಾರಿ ಹಿಡಿದುಕೊಂಡಳು. ಪಕ್ಕದ ಕೊಂಬೆಯಲ್ಲಿ ಒಬ್ಬ ಕಾಜಾಣನಿದ್ದ. ಯಾರು ಏನು ಅಂದರೂ ಅವರದೇ ದನಿಯಲ್ಲಿ ಹಾಗ್ಹಾಗೇ ಒಪ್ಪಿಸುವುದರಲ್ಲಿ ಅವನು ಜಾಣ. ಮರುದಿನ ಸಿಂಗಾರಿ ಅವನನ್ನು ಕರೆದಳು.

"ತಮ್ಮಾ, ನಮ್ಮ ಯಜಮಾನರು ಅಲ್ಲಿ ಏನು ಮಾತಾಡ್ತಾರೆ ಅಂತ ಸ್ವಲ್ಪ ಕೇಳಿಕೊಂಡು ಬರ್ತೀಯಾ?"

"ಅವರನ್ನೇ ಕೇಳಬಹುದಲ್ಲ ಅಕ್ಕಾ?"

"ಕೇಳಿದೆ, ಹೇಳಲಿಲ್ಲ. ಗಂಡ ಹೆಂಡತಿ ನಡುವೆ ಮುಚ್ಚುಮರೆ ಯಾಕೆ ಹೇಳು?"

ಗಂಡನ ಫೋನು ಎತ್ತಿಕೊಂಡು ಮೆಸೇಜು ಓದುವವರು, ಹೆಂಡತಿ ಅತ್ತ ಹೋದೊಡನೆ ಅವಳ ಫೋನು ಜಾಲಾಡುವವರು ಹೇಳುವುದೂ ಇದನ್ನೇ. ಹಕ್ಕಿಗಳ ಹತ್ತಿರ ಫೋನಿಲ್ಲ, ಅಷ್ಟೇ ವ್ಯತ್ಯಾಸ.

ಕಾಜಾಣ ಹೋಗಿ ಬಂದ. ಥೇಟ್ ಕೊಂಬಯ್ಯನ ದನಿಯಲ್ಲಿ, "ಇದು ಸಿಂಗಾರಿಗೆ ಗೊತ್ತಾಗಬಾರದು ಮಾರಾಯ," ಅಂದ.

"ಮುಂದೆ?"

"ಗಾಳಿ ಬೀಸಿತು. ಕೇಳಿಸಲಿಲ್ಲ."

ಅಂದು ಸಿಂಗಾರಿ ಕೊಂಬಯ್ಯ ತಂದ ಹಣ್ಣನ್ನು ಮುಟ್ಟಲಿಲ್ಲ. "ನಾಳೆ ಇನ್ನೂ ಹತ್ತಿರ ಕೂತು ಕೇಳು," ಎಂದಳು.

ಮರುದಿನ ಕಾಜಾಣ ಇಡೀ ಮಾತನ್ನೇ ಹೊತ್ತು ತಂದ. "ಗಿಡುಗ ಎರಗಿದಾಗಿನಿಂದ ಎಡರೆಕ್ಕೆ ಎತ್ತಿದಾಗೆಲ್ಲ ಜೀವ ಹೋಗೋವಷ್ಟು ನೋವು ಕಣೋ. ನಾನು ಎಲ್ಲಾದರೂ ಬಿದ್ದರೆ ಅವಳು ಒಳಗೇ ಉಪವಾಸ ಸಾಯ್ತಾಳೆ. ನನಗೆ ಭಯ. ನಿನ್ನ ಹತ್ತಿರ ಒಂದಿಷ್ಟು ಅತ್ತು ಹೋದರೆ, ಅವಳ ಮುಂದೆ ನಗೋಕಾಗ್ತದೆ." ಕೊನೆಯಲ್ಲಿ ಬಿಕ್ಕುವುದನ್ನೂ ಅವನು ಬಿಡದೆ ಬಿಕ್ಕಿ ತೋರಿಸಿದ.

ಸಿಂಗಾರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಗಂಡನ ಮೇಲೆ ಮರುಕ ಹುಟ್ಟಿತು. ಬೆಳಿಗ್ಗೆ ಕೊಂಬಯ್ಯ ಸಂದಿಗೆ ಕೊಕ್ಕಿಟ್ಟು, ಮುಸಿಯ ಮಂಗನ ಬಾಲ ಮುಳ್ಳಿಗೆ ಸಿಕ್ಕಿದ ಕತೆ ಶುರು ಮಾಡಿದ. ಅವಳಿಗೆ ತಡೆಯಲಾಗಲಿಲ್ಲ.

"ಎಡರೆಕ್ಕೆ ಹೇಗಿದೆ? ನೋವು ಕಡಿಮೆಯಾಯಿತಾ?"

ಕೊಂಬಯ್ಯನ ಕತೆ ಅಲ್ಲೇ ನಿಂತಿತು. "ರೆಕ್ಕೆಯ ವಿಷಯ ನಾನು ಕೆಂಜಳಿಲಿಗೆ ಬಿಟ್ಟು ಯಾರಿಗೂ ಹೇಳಿಲ್ಲ," ಅಂದ.

ಮೇಲಿನ ಕೊಂಬೆಯಲ್ಲಿ ಕಾಜಾಣ, ಹೊಸ ಪಾಠ ಕಲಿತ ಖುಷಿಗೆ, ಕೊಂಬಯ್ಯನ ದನಿಯಲ್ಲೇ ಒಮ್ಮೆ ಬಿಕ್ಕಿದ. ಕೊಂಬಯ್ಯ ತಲೆಯೆತ್ತಿ ಅವನನ್ನು ನೋಡಿದ. ಆಮೇಲೆ ಸಂದಿಯತ್ತ ನೋಡಿದ. ತಂದ ಹಣ್ಣನ್ನು ಕೊಟ್ಟು ಹಾರಿಹೋದ.

ಅಂದಿನಿಂದ ಅವನು ಅತ್ತಿಮರದ ಕಡೆ ಹೋಗಲಿಲ್ಲ. ರೆಕ್ಕೆ ಮೆಲ್ಲಗೆ ವಾಸಿಯಾಯಿತು. ಮೊಟ್ಟೆಯೊಡೆದು ಮರಿ ಬಂತು. ಹಣ್ಣು ಒಂದು ದಿನವೂ ಕಡಿಮೆಯಾಗಲಿಲ್ಲ. ಸುದ್ದಿ ಮಾತ್ರ ನಿಂತುಹೋಯಿತು.

"ಕರಡಿ ಹೇಗಿದೆ?" ಎಂದು ಸಿಂಗಾರಿ ಕೇಳುವಳು.

"ಇದೆ."

"ಮುಸಿಯ ಬಾಲ ಏನಾಯಿತು?"

"ಬಿಡಿಸಿಕೊಂಡಿತು."

ಅಷ್ಟು ಹೇಳಿ ಅವನು ಹಾರಿಹೋಗುವನು. ಪೊಟರೆ ಮೊದಲೂ ಕತ್ತಲೆಯದೇ. ಆದರೆ ಅದು ಎಷ್ಟು ಕತ್ತಲೆಯೆಂದು ಸಿಂಗಾರಿಗೆ ಗೊತ್ತಾದದ್ದು ಈಗ. ಒಂದು ಮಧ್ಯಾಹ್ನ ತಡೆಯಲಾರದೆ ಕಾಜಾಣನನ್ನು ಬೇಡಿಕೊಂಡಳು.

"ತಮ್ಮಾ, ಯಜಮಾನರ ದನಿಯಲ್ಲಿ ಏನಾದರೂ ನಗುವ ಮಾತು ಹೇಳೋ."

"ಅದನ್ನು ನಾನು ಕಲಿಯಲೇ ಇಲ್ಲ ಅಕ್ಕಾ. ನೀನು ತರಿಸಿಕೊಂಡದ್ದು ಅಳುವ ಮಾತು, ನನಗೆ ಬರೋದು ಅದೊಂದೇ," ಎಂದು ಕಾಜಾಣ ಗಂಟಲು ಸರಿಮಾಡಿಕೊಂಡ. "ನನಗೆ ಭಯ..."

"ಸಾಕು," ಅಂದಳು ಸಿಂಗಾರಿ.

ಮರಿ ಬಲಿಯಿತು. ಸಿಂಗಾರಿ ಮಣ್ಣಿನ ಗೋಡೆ ಒಡೆದು ಹೊರಗೆ ಬಂದಳು. ಕೊಂಬಯ್ಯ ಕೊಂಬೆಯ ಮೇಲಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ನನ್ನದು ತಪ್ಪಾಯಿತು. ಇನ್ನೂ ಕೋಪವೇ?"

"ಕೋಪ ಯಾವತ್ತೋ ಹೋಯಿತು ಸಿಂಗಾರಿ."

"ಹಾಗಾದರೆ ಮೊದಲಿನ ಹಾಗೆ ಏನಾದರೂ ಹೇಳಿ."

ಕೊಂಬಯ್ಯನಿಗೂ ಹೇಳುವ ಆಸೆಯಿತ್ತು. ಕೊಕ್ಕು ತೆರೆದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮೇಲಿನ ಕೊಂಬೆಯನ್ನೂ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಆದರೂ ಅವನು ಕೊಕ್ಕು ಮುಚ್ಚಿಕೊಂಡ.

ನೀತಿ: ಜೊತೆಗಾರರ ಗುಟ್ಟನ್ನು ಕದ್ದು ಕೇಳಿದವರಿಗೆ ಗುಟ್ಟು ಸಿಗಬಹುದು, ಅವರು ಮನಸಾರೆ ಹೇಳುತ್ತಿದ್ದ ಮಾತು ಮತ್ತೆ ಸಿಗುವುದಿಲ್ಲ.