ಬೀಗದೊಳಗಿನ ಸೂಕ್ಷ್ಮದರ್ಶಕಮ್ಮ

ಶಾಲೆಯ ಗಾಜಿನ ಕಪಾಟಿನಲ್ಲಿ ಸೂಕ್ಷ್ಮದರ್ಶಕಮ್ಮ ಹನ್ನೊಂದು ವರ್ಷದಿಂದ ಮಡಿಯುಟ್ಟವಳಂತೆ ಕೂತಿದ್ದಳು. ಮಕ್ಕಳು ಮುಟ್ಟಿದರೆ ಒಡೆದಾಳೆಂದು ಮೇಷ್ಟ್ರುಗಳೇ ಬೀಗ ಜಡಿದಿದ್ದರು. ಅವಳಿಗೋ ಅದೇ ದೊಡ್ಡ ಮರ್ಯಾದೆ.

ಅಂಥವಳ ಕಣ್ಣೆದುರೇ ಹೊಸ ಟೀಚರ್ ಸುಗುಣಾ ತಮ್ಮ ಮೊಬೈಲನ್ನು ಪಾಠಕ್ಕೆ ತಂದರು.

"ಥೂ, ಏನೇ ನಿನ್ನ ಅವತಾರ!" ಎಂದು ಸೂಕ್ಷ್ಮದರ್ಶಕಮ್ಮ ಮೂತಿ ತಿರುವಿದಳು. "ಮುಖವೆಲ್ಲ ಬಿರುಕು. ಕಂಡಕಂಡವರ ಕೈಗೆಲ್ಲ ಹೋಗ್ತೀಯಂತೆ, ಊರೇ ಆಡಿಕೊಳ್ತಿದೆ. ನಾಚಿಕೆ ಬೇಡವೇ?"

"ಕೈಗೆ ಹೋಗದಿದ್ದರೆ ನನಗೇನು ಕೆಲಸ, ಅಕ್ಕಾ?" ಎಂದಳು ಮೊಬೈಲು.

ಟೀಚರು ಅವಳ ಕ್ಯಾಮೆರಾ ಕಣ್ಣಿಗೆ ಮಸೂರದಂತೆ ಒಂದು ತೊಟ್ಟು ನೀರು ಅಂಟಿಸಿ, ಸತ್ತ ಚಿಟ್ಟೆಯ ರೆಕ್ಕೆಯ ಮೇಲೆ ಹಿಡಿದರು. ಗಲಾಟೆ ಮಾಡುತ್ತಿದ್ದ ಮಕ್ಕಳು ಪರದೆಯಲ್ಲಿ ದೊಡ್ಡದಾಗಿ ಮೂಡಿದ ರೆಕ್ಕೆ ನೋಡಲು ಮುಗಿಬಿದ್ದರು.

"ಮಿಸ್, ಚಿಟ್ಟೆ ಮೈಮೇಲೆ ಹಂಚು ಹೊದಿಸಿದ್ದಾರೆ!" ಎಂದು ಒಬ್ಬಳು ಕೂಗಿದಳು.

ಸೂಕ್ಷ್ಮದರ್ಶಕಮ್ಮ ಗಾಜಿನಾಚೆಯಿಂದ ಇಣುಕಿದಳು. ಸಾಲುಸಾಲು ಬಂಗಾರದ ಹಂಚು, ಅದರ ಸಂದಿಯಲ್ಲಿ ನವಿಲುಬಣ್ಣ! ಅವಳ ಬಿಂಕವೆಲ್ಲ ಇಳಿದುಹೋಯಿತು.

"ತಂಗೀ, ನಾನು ಹುಟ್ಟಿದ್ದೇ ಇದನ್ನು ನೋಡೋಕೆ ಕಣೇ. ಒಂದು ದಿನವೂ ನೋಡಿರಲಿಲ್ಲ. ಹೇಗಾದರೂ ಈ ಬೀಗ ತೆಗೆಸೇ ತಾಯಿ, ಒಡೆದರೆ ಒಡೆದುಹೋಗ್ತೀನಿ."