ನೂರ್ಕೈ ಬಂಡೆಗೆ ಆ ಹೆಸರು ಬಂದ ಬಗೆ

ಕಡಬಗಲ್ಲು ಊರು ಮುಗಿದು, ಹುಣಸೆ ತೋಪು ದಾಟಿದ ಕೂಡಲೇ ಎಡಗಡೆಗೆ ಮೈಚಾಚಿ ಮಲಗಿರುವ ಹಾಸುಬಂಡೆಯೇ ನೂರ್ಕೈ ಬಂಡೆ. ನಾಲ್ಕು ಮನೆಯವರು ಒಟ್ಟಿಗೆ ಕಣ ಮಾಡಬಹುದಾದಷ್ಟು ಅಗಲವಿದೆ. ಎತ್ತರ ಕೇಳಿದರೆ ಸೊಂಟದ ಮಟ್ಟ. ಮೇಲೆ ಗುಡಿಯಿಲ್ಲ, ಕೆಳಗೆ ಗವಿಯಿಲ್ಲ, ಪಕ್ಕದಲ್ಲಿ ಶಾಸನದ ಚೂರೂ ಇಲ್ಲ. ದೂರದಿಂದ ಬಂದವರು "ಇಷ್ಟೇನಾ?" ಎಂದು ನಮ್ಮ ಮುಖ ನೋಡುತ್ತಾರೆ. ಹೌದು ಸ್ವಾಮಿ, ಇಷ್ಟೇ. ಈಚೆಗೆ ಪಟ್ಟಣಗಳಿಂದ ರೇಖಿ ಕಲಿತವರು, ಪ್ರಾಣಚಿಕಿತ್ಸೆ ಕಲಿತವರು ಗುಂಪು ಕಟ್ಟಿಕೊಂಡು ಬಂದು, ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂತು, ಇಲ್ಲಿ ಶಕ್ತಿ ಹರಿಯುತ್ತಿದೆ ಎನ್ನುತ್ತಾರೆ. ಮಧ್ಯಾಹ್ನದ ಬಿಸಿಲಲ್ಲಿ ಕೂತರೆ ಏನಾದರೊಂದು ಹರಿಯಲೇಬೇಕು, ಬೆವರಾದರೂ ಸರಿ. ನೂರು ಕೈಯ ರಾಕ್ಷಸನೊಬ್ಬ ಇಲ್ಲಿ ಸತ್ತುಬಿದ್ದನೆಂದು ಕಥೆ ಕಟ್ಟುವ ಹುಡುಗರೂ ಇದ್ದಾರೆ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ರಾಕ್ಷಸನೂ ಇಲ್ಲ, ಗೀಕ್ಷಸನೂ ಇಲ್ಲ. ಈ ಹೆಸರು ಬಂದದ್ದು ಒಬ್ಬ ತಾಯಿಯಿಂದ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಊರು ಕಂಬಳಿ ನೇಯುವ ಕುರುಬರ ಹಟ್ಟಿಯಾಗಿತ್ತು ಎನ್ನುತ್ತಾರೆ. ತೊಳೆದ ಉಣ್ಣೆಯನ್ನು ಈ ಬಂಡೆಯ ಮೇಲೆ ಹರವಿ ಒಣಗಿಸುತ್ತಿದ್ದರು; ಆಗ ಇದಕ್ಕೆ ಉಣ್ಣೆಬಂಡೆ ಎಂದಷ್ಟೇ ಹೆಸರು. ಆ ಹಟ್ಟಿಯಲ್ಲಿ ಬೊಮ್ಮಕ್ಕ ಎಂಬ ವಿಧವೆಯಿದ್ದಳು. ಅವಳ ಕೈಗುಣ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಮಗ್ಗದ ಮುಂದೆ ಕೂತು ಕೂತು ಸೊಂಟ ಹಿಡಿದವರು, ಕಾಲು ಉಳುಕಿದವರು, ನಿದ್ದೆ ಬಾರದವರು, ಬೆಚ್ಚಿಬಿದ್ದ ಕೂಸುಗಳು, ಎಲ್ಲರೂ ಅವಳ ಜಗಲಿಗೆ ಬರುತ್ತಿದ್ದರು. ಅವಳು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ನೆತ್ತಿಯ ಮೇಲೆ ಒಂದು ಗಳಿಗೆ ಇಟ್ಟು, ತುಟಿ ಅಲ್ಲಾಡಿಸುತ್ತ, ನೆತ್ತಿಯಿಂದ ಅಂಗಾಲಿನವರೆಗೆ ನಿಧಾನವಾಗಿ ನೀವಿ, ಕೊನೆಗೆ ಕೈಯನ್ನು ನೆಲದ ಕಡೆಗೆ ಕೊಡವುತ್ತಿದ್ದಳು. ಅರ್ಧ ನೋವು ಅವಳ ಕೈ ತಾಗುವ ಮುಂಚೆಯೇ ಇಳಿಯುತ್ತಿತ್ತಂತೆ. ಹಟ್ಟಿಯ ಗೌಡ ಬೀರೇಗೌಡನ ಕತ್ತು ಒಮ್ಮೆ ಹಿಡಿದುಕೊಂಡು, ಅವನು ಎದುರಿಗೆ ಬಂದವರನ್ನೆಲ್ಲ ಓರೆಯಾಗಿ ನೋಡುತ್ತ ಓಡಾಡುತ್ತಿದ್ದ. ಅವನೂ ಬೊಮ್ಮಕ್ಕನ ಜಗಲಿಯಿಂದ ನೆಟ್ಟಗೆ ನೋಡಿಕೊಂಡು ಎದ್ದುಹೋಗಿದ್ದ.

ಈ ವಿದ್ಯೆ ಅವಳಿಗೆ ಬಂದದ್ದು ಸೋದರತ್ತೆಯಿಂದ. ಗ್ರಹಣ ಹಿಡಿದ ಹೊತ್ತಿನಲ್ಲಿ, ಕೆರೆಯ ನೀರಿನಲ್ಲಿ ಎದೆಮಟ್ಟ ನಿಂತು, ಬಾಯಿಂದ ಕಿವಿಗೆ. ವಿದ್ಯೆಯ ಜೊತೆಗೆ ಎರಡು ಕಟ್ಟುಗಳೂ ಬಂದವು. ಜೀವಮಾನದಲ್ಲಿ ಒಬ್ಬರಿಗಷ್ಟೇ ಹೇಳಿಕೊಡಬೇಕು, ಹತ್ತು ಕಿವಿಗೆ ಬಿದ್ದರೆ ಕೆಡುತ್ತದೆ ಎಂಬುದು ಒಂದು. ಹೆತ್ತ ಮಕ್ಕಳಿಗೆ, ಒಡಹುಟ್ಟಿದವರಿಗೆ ಕೈಯಿಡಬಾರದು, ಇಟ್ಟರೆ ಆ ಕ್ಷಣಕ್ಕೇ ಕೈಗುಣ ಇಳಿದುಹೋಗುತ್ತದೆ ಎಂಬುದು ಇನ್ನೊಂದು. ಕೈಗುಣದವರೆಲ್ಲ ಇದನ್ನು ಪಾಲಿಸುತ್ತಿದ್ದರು. ಮನೆಯವರಿಗೆ ಹುಷಾರು ತಪ್ಪಿದರೆ ಪಕ್ಕದೂರಿನ ಕೈಗುಣದವರನ್ನು ಕರೆಸುತ್ತಿದ್ದರು. ಬೊಮ್ಮಕ್ಕನದೋ ನೇಮಕ್ಕಿಂತ ಒಂದು ತೂಕ ಹೆಚ್ಚು. ಅವಳಿಗೆ ಒಬ್ಬಳೇ ಮಗಳು, ಹಾಲವ್ವ. ನೀವಬಾರದು ಎಂದಮೇಲೆ ಮುಟ್ಟದೇ ಇದ್ದರೆ ಇನ್ನೂ ಕ್ಷೇಮವೆಂದು ಅವಳು ಎಣಿಸಿದಳು. ಮೊಲೆ ಬಿಡಿಸಿದ ಮೇಲೆ ಆ ಮಗುವಿಗೆ ನೀರೆರೆದದ್ದು, ತಲೆ ಬಾಚಿದ್ದು, ತಟ್ಟಿ ಮಲಗಿಸಿದ್ದು ಎಲ್ಲ ನೆರೆಮನೆಯ ತಿಪ್ಪಜ್ಜಿ. ಮಗು ಬಿದ್ದು ಅಳುತ್ತ ಓಡಿ ಬಂದರೆ ಬೊಮ್ಮಕ್ಕ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ತಿಪ್ಪಜ್ಜಿ ಹತ್ರ ಹೋಗವ್ವ" ಎನ್ನುತ್ತಿದ್ದಳು. ಆಮೇಲೆ ಒಳಗೆ ಹೋಗಿ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ಊರಿನವರಿಗೆ ಅದು ತಪ್ಪಾಗಿ ಕಾಣಲಿಲ್ಲ. ಎಂಥ ನೇಮದವಳು ಎಂದು ಹೊಗಳಿದರು. ಹೊಗಳುವವರಿಗೇನು, ಅವರ ಸೊಂಟ ನೆಟ್ಟಗಾಗಿತ್ತಲ್ಲ!

ಹಾಲವ್ವ ಮದುವೆಗೆ ಬಂದ ವರ್ಷ ಅವಳಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಹೋಗುವಾಗ ಕಾಲನ್ನೂ ಕರೆದುಕೊಂಡು ಹೋಯಿತು. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗದು. ಪಂಡಿತರು ಕಷಾಯ ಕೊಟ್ಟರು, ಎಣ್ಣೆ ಕೊಟ್ಟರು. ಕೊನೆಗೆ, "ಕಾಲಿನಲ್ಲಿ ಜೀವ ಇನ್ನೂ ಇದೆ, ಹುಡುಗಿಗೇ ಏಳುವ ಮನಸ್ಸಿಲ್ಲ" ಎಂದು ಕೈಚೆಲ್ಲಿದರು. ಆ ಸೀಮೆಯಲ್ಲಿ ಕೈಗುಣವಿದ್ದ ಇನ್ನೊಬ್ಬ ಮುದುಕ ಹಿಂದಿನ ವರ್ಷವೇ ತೀರಿಕೊಂಡಿದ್ದ, ಯಾರಿಗೂ ಹೇಳಿಕೊಡದೆ. ಹಾಲವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಗಂಜಿಯನ್ನೂ ಬಿಟ್ಟಳು. ಅವಳು ಅಳಲೂ ಇಲ್ಲ, ಯಾರನ್ನೂ ಬೈಯಲೂ ಇಲ್ಲ. ಜಗಲಿಯ ಮೇಲೆ ಪರವೂರಿನವರ ನೋವನ್ನು ಇಳಿಸುತ್ತಿದ್ದ ಬೊಮ್ಮಕ್ಕನಿಗೆ ಒಳಗೆ ಮಗಳು ದಿನದಿನಕ್ಕೆ ಕೈತಪ್ಪಿ ಹೋಗುತ್ತಿರುವುದು ಕಾಣುತ್ತಿತ್ತು.

ತಿಪ್ಪಜ್ಜಿಗೆ ತಡೆಯಲಾಗಲಿಲ್ಲ. ಮುದುಕಿಯ ಬಾಯಿ ಮೊದಲೇ ಖಾರ. "ಏನೇ ಬೊಮ್ಮಿ, ಊರಿಗೆ ಉಪಕಾರಿ ಮನೆಗೆ ಮಾರಿ ಅಂದಂಗಾತಲ್ಲೇ ನಿಂದು! ಆ ಕೈ ಏನು ಉಪ್ಪು ಹಾಕ್ಕೊಂಡು ನೆಕ್ತೀಯಾ?" ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಬೊಮ್ಮಕ್ಕ ತನ್ನ ಅಂಗೈಗಳನ್ನೇ ನೋಡಿಕೊಂಡಳು. "ಅಜ್ಜೀ, ನಾನು ಮುಟ್ಟಿ, ಇವಳೂ ಏಳದೆ, ಕೈಗುಣಾನೂ ಹೋಗಿಬಿಟ್ರೆ? ನಾಳೆ ಜಗಲಿಗೆ ಬಂದೋರಿಗೆ ಯಾರು ದಿಕ್ಕು?" ಅವಳನ್ನು ಕೊರೆಯುತ್ತಿದ್ದದ್ದು ಇದೇ. ಒಂದು ಕಡೆ ಹೆತ್ತ ಕರುಳು, ಇನ್ನೊಂದು ಕಡೆ ನಂಬಿ ಬಂದ ಸೀಮೆ. ಯಾವುದನ್ನು ಹಿಡಿದರೂ ಇನ್ನೊಂದನ್ನು ಕೊಂದಂತೆ. ಆ ದಿನವೆಲ್ಲ ಅವಳು ಒಲೆ ಹಚ್ಚಲಿಲ್ಲ. ಸಂಜೆ ಕುರಿಗಳು ಮನೆಗೆ ಬರುವ ಹೊತ್ತಿಗೆ ಅವಳಿಗೊಂದು ದಾರಿ ಹೊಳೆಯಿತು. ತನ್ನ ಕೈ ಮಗಳಿಗೆ ನಡೆಯದಿದ್ದರೇನಂತೆ, ಊರಿನವರ ಕೈಗೆ ಆ ಕಟ್ಟು ಇಲ್ಲವಲ್ಲ! ಒಬ್ಬರಿಗಷ್ಟೇ ಕೊಟ್ಟರೆ ನಾಳೆ ಅವರ ಮನೆಯಲ್ಲೂ ಇದೇ ಗೋಳು, ಕೊಟ್ಟರೆ ಎಲ್ಲರಿಗೂ ಕೊಡಬೇಕು.

ಮರುದಿನ ಬೆಳಗ್ಗೆ ಡೊಳ್ಳು ಹೊಡೆಸಿ, ತನ್ನ ಜಗಲಿಯ ಮೇಲೆ ಕೂತು ಎದ್ದವರೆಲ್ಲ ಉಣ್ಣೆಬಂಡೆಗೆ ಬರಬೇಕೆಂದು ಸಾರಿಸಿದಳು. ಹಾಲವ್ವನನ್ನು ಕಂಬಳಿಯಲ್ಲಿ ಹೊತ್ತು ತಂದು ಬಂಡೆಯ ನಡುವೆ ಮಲಗಿಸಿದರು. ಹಟ್ಟಿಯವರು ಬಂದರು, ಸುತ್ತಲ ಹಳ್ಳಿಯವರೂ ಬಂದರು. ಇವತ್ತು ಏನೋ ಪವಾಡ ನೋಡುತ್ತೇವೆಂದು ಎಲ್ಲರಿಗೂ ಆಸೆ. ಬೊಮ್ಮಕ್ಕ ನಿಂತು, "ನನ್ನ ಕೈ ನನ್ನ ಮಗಳಿಗೆ ನಡಿಯಂಗಿಲ್ಲ. ನಿಮ್ಮ ಕೈ ನಡೀತೈತೆ. ವಿದ್ಯೆ ಹೇಳಿಕೊಡ್ತೀನಿ, ಎಲ್ಲರೂ ಕಲೀರಿ" ಎಂದಳು. ಬೀರೇಗೌಡ ದಡಕ್ಕನೆ ಎದ್ದ. "ನಿಂಗೇನು ತಲೆ ಕೆಟ್ಟೈತಾ ಬೊಮ್ಮಕ್ಕ? ಇಷ್ಟು ಜನರ ಕಿವಿಗೆ ಬಿದ್ರೆ ವಿದ್ಯೆ ಬೀದಿಪಾಲಾಗ್ತೈತೆ. ಆಮೇಲೆ ನಮ್ಮ ಗತಿ?" ಬೊಮ್ಮಕ್ಕ ಅವನ ಮುಖವನ್ನೇ ನೋಡಿದಳು. "ನನ್ನ ಜೊತೆ ಮಣ್ಣಾಗೋದಕ್ಕಿಂತ ಬೀದಿಪಾಲಾಗೋದು ವಾಸಿ, ಗೌಡ್ರೆ" ಎಂದಳು. ಗೌಡ ಕತ್ತು ನೀವಿಕೊಳ್ಳುತ್ತ ಕೂತ.

ಅವಳು ಹೇಳಿಕೊಟ್ಟದ್ದು ಬಹಳವೇನೂ ಇರಲಿಲ್ಲ ಎನ್ನುತ್ತಾರೆ. ಅಂಗೈ ಬಿಸಿಯಾಗುವವರೆಗೆ ಉಜ್ಜಿ. ಜಗಳವಾಡಿ ಬಂದಿದ್ದರೆ ಮೊದಲು ಕೂತು ಉಸಿರು ತಣ್ಣಗೆ ಮಾಡಿಕೊಳ್ಳಿ. ಒತ್ತಬೇಡಿ, ಮಲಗಿದ ಕೂಸಿನ ಮೇಲೆ ಕೈ ಇಟ್ಟಷ್ಟೇ ಹಗುರವಾಗಿ ಇಡಿ. ಮೇಲಿನಿಂದ ಕೆಳಕ್ಕೆ ನೀವಿ, ಬಂದದ್ದನ್ನು ಭೂತಾಯಿಗೆ ಕೊಡವಿ. ಅಷ್ಟು ಹೇಳಿ ಸುಮ್ಮನಾದಳು. ಜನ ಕಾದರು. "ಮಂತ್ರ?" ಎಂದು ಯಾರೋ ಕೇಳಿದರು. ಮಂತ್ರ ಇಲ್ಲ ಎಂದಳು ಬೊಮ್ಮಕ್ಕ. ಹಾಗಾದರೆ ತುಟಿ ಅಲ್ಲಾಡುತ್ತಿತ್ತಲ್ಲ ಎಂದು ಗೌಡ ಪಟ್ಟು ಹಿಡಿದ. "ಈ ಜೀವಕ್ಕೆ ನೋವು ಬ್ಯಾಡ ತಂದೆ, ಬ್ಯಾಡ ತಂದೆ ಅಂತ ಬೇಡ್ಕೊಂತಿದ್ದೆ. ನಮ್ಮತ್ತೆ ಹೇಳಿಕೊಟ್ಟಿದ್ದೂ ಅಷ್ಟೇ. ಜೋರಾಗಿ ಅಂದಿದ್ರೆ ನೀವ್ಯಾರು ನಂಬ್ತಿದ್ರಿ?" ಎಂದಳು. ತಿಪ್ಪಜ್ಜಿ ಕಿಸಕ್ಕನೆ ನಕ್ಕಳು, ಬಂಡೆಯೆಲ್ಲ ನಕ್ಕಿತು. ಮೊದಲು ಎದ್ದುಬಂದು ಅಂಗೈ ಉಜ್ಜಿದವನು ಬೀರೇಗೌಡನೇ.

ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಉಣ್ಣೆ ಎಳೆದು ಒರಟಾದ ಕೈ, ಹಾಲು ಕರೆವ ಕೈ, ಕಮ್ಮಾರನ ಸುಟ್ಟ ಕೈ, ಬಾಣಂತಿಯ ಮೆತ್ತನೆಯ ಕೈ. ನೂರೇ ಇದ್ದವೆಂದು ಎಣಿಸಿದವರಾರು? ಬಾಯಿಗೆ ಬಂದ ಲೆಕ್ಕ, ನಿಂತುಹೋಯಿತು. ನೆತ್ತಿಯ ಮೇಲೆ, ಹೆಗಲ ಮೇಲೆ, ಜೀವವಿಲ್ಲದ ಕಾಲುಗಳ ಮೇಲೆ ಕೈಗಳು ಬಂದು ಬಂದು ಹೋದವು. ಬಿಸಿಲು ಏರಿತು. ಹಾಲವ್ವನ ಮುಖಕ್ಕೆ ಕೊಂಚ ರಕ್ತ ಬಂತು, ಆದರೆ ಕಾಲು ಮಿಸುಕಲಿಲ್ಲ. ಬೊಮ್ಮಕ್ಕ ಮಾರುದೂರದಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು. ಆಗ ಹಾಲವ್ವ ಮೆಲ್ಲಗೆ ತಲೆ ತಿರುಗಿಸಿ ತಾಯಿಯನ್ನು ನೋಡಿದಳು. "ಎಲ್ಲರ ಕೈನೂ ಗೊತ್ತಾತವ್ವ. ನಿನ್ನ ಕೈ ಹೆಂಗಿರ್ತೈತೆ ಅಂತ ಮಾತ್ರ ನಂಗೆ ಇನ್ನೂ ಗೊತ್ತಿಲ್ಲ" ಎಂದಳು.

ಬೊಮ್ಮಕ್ಕ ಸುತ್ತ ನೋಡಿದಳು. ನಿನ್ನೆಯವರೆಗೆ ತನ್ನೊಬ್ಬಳಲ್ಲಿದ್ದದ್ದು ಈಗ ಅಷ್ಟೂ ಜನರ ಅಂಗೈಯಲ್ಲಿತ್ತು. ನಾಳೆ ಜಗಲಿಗೆ ಬಂದವರು ಬರಿಗೈಲಿ ಹೋಗುವುದಿಲ್ಲ. ಇನ್ನು ತಾನು ಯಾವುದಕ್ಕೆ ಹೆದರಬೇಕು? ಅವಳು ಅಂಗೈ ಉಜ್ಜಲಿಲ್ಲ, ನೆತ್ತಿಯಿಂದ ಶುರು ಮಾಡಲಿಲ್ಲ. ಓಡಿಬಂದು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೂದಲು ಸವರಿದಳು, ಬೆನ್ನು ಸವರಿದಳು, ಆ ಕಾಲುಗಳನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಹಾಲವ್ವ ಜ್ವರ ಬಂದಂದಿನಿಂದ ಮೊದಲ ಸಲ ಅತ್ತಳು, ಅತ್ತು ಅತ್ತು ಸಾಕಾದ ಮೇಲೆ ಗಂಜಿ ಕೇಳಿದಳು. ತಿಪ್ಪಜ್ಜಿ ಆ ವಯಸ್ಸಿನಲ್ಲಿ ಮನೆಗೆ ಓಡಿದ ಓಟವನ್ನು ಊರು ಬಹಳ ಕಾಲ ನೆನೆಸಿಕೊಂಡು ನಕ್ಕಿತಂತೆ.

ಕಾಲು ಅಂದೇ ಬರಲಿಲ್ಲ. ಕಥೆ ಹೇಳುವವರು ಅಂದೇ ಎದ್ದು ಕುಣಿದಳು ಎಂದುಬಿಡುತ್ತಾರೆ, ಅದು ಸುಳ್ಳು. ಊರಿನವರು ಸರದಿಯ ಮೇಲೆ ಬಂದು ನೀವಿದರು, ಪಂಡಿತರ ಎಣ್ಣೆಯೂ ನಡೆಯಿತು, ತಾಯಿಯ ಕೈ ಹಗಲಿರುಳು ಜೊತೆಗಿತ್ತು. ಮೊದಲು ಹೆಬ್ಬೆರಳು ಅಲ್ಲಾಡಿತು. ಜೋಳ ತೆನೆಗೆ ಬರುವ ಹೊತ್ತಿಗೆ ಹಾಲವ್ವ ಕೋಲೂರಿಕೊಂಡು ಬಂಡೆಯವರೆಗೆ ನಡೆದುಬಂದಳು. ಕುಂಟು ಸ್ವಲ್ಪ ಉಳಿಯಿತು, ಮದುವೆಗೇನೂ ಅಡ್ಡಿಯಾಗಲಿಲ್ಲ. ಬೊಮ್ಮಕ್ಕನ ಅಂಗೈ ಮಾತ್ರ ಆಮೇಲೆ ಮೊದಲಿನಂತೆ ಬಿಸಿಯಾಗಲಿಲ್ಲ ಎನ್ನುತ್ತಾರೆ. ಕೈಗುಣ ಹೋಯಿತಲ್ಲ ಎಂದು ಮರುಗಿದವರಿಗೆ ಅವಳು, "ಹೋದ್ರೆ ಹೋಗ್ಲಿ ಬಿಡ್ರಿ, ಎಲ್ಲಿಗೆ ಹೋಗೀತು? ಈ ಊರಾಗೇ ಐತಲ್ಲ" ಎಂದು ಮಗಳ ಜಡೆ ಹೆಣೆಯುತ್ತ ಕೂತಿರುತ್ತಿದ್ದಳಂತೆ.

ಇಂದಿಗೂ ಸೋಮವಾರ ಬೆಳಗ್ಗೆ ಬಂದರೆ ಬಂಡೆಯ ಮೇಲೆ ಯಾರಾದರೊಬ್ಬರು ಮಲಗಿರುತ್ತಾರೆ, ಸುತ್ತ ಊರಿನವರು ಅಂಗೈ ಉಜ್ಜುತ್ತ ನಿಂತಿರುತ್ತಾರೆ. ಆಸ್ಪತ್ರೆಯ ಔಷಧಿ ಬಿಡಬಾರದೆಂದು ಮೊದಲೇ ಹೇಳಿಬಿಡುತ್ತೇವೆ. ಇನ್ನುಳಿದದ್ದು ಒಂದೇ ಕಟ್ಟು. ಮೊದಲ ಕೈ ಮನೆಯವರದೇ ಆಗಬೇಕು. ಅದಾಗುವವರೆಗೆ ಊರಿನವರು ಒಬ್ಬರೂ ಮುಟ್ಟುವುದಿಲ್ಲ. ಇಲ್ಲಿಯೇ ನೋಡಿ ಜನ ತಡವರಿಸುವುದು. ಕಾರಿನಲ್ಲಿ ಕರೆತಂದಿರುತ್ತಾರೆ, ಹಣ್ಣು ಹಂಪಲು ತಂದಿರುತ್ತಾರೆ, ಕೈಯಿಡಿ ಎಂದರೆ ನಾಚಿ ನೆಲ ನೋಡುತ್ತಾರೆ. ಊರಿನ ಹೆಂಗಸರು ಬಿಡುವವರಲ್ಲ. "ಇಡಪ್ಪ, ನಿಮ್ಮಪ್ಪ ಅಲ್ವಾ, ಕಚ್ಚಲ್ಲ" ಎಂದು ಗದರುತ್ತಾರೆ. ಆಗ ಮೀಸೆ ನೆರೆತ ಮಗನೊಬ್ಬ, ಬುದ್ಧಿ ಬಂದಾಗಿನಿಂದ ತಂದೆಯನ್ನು ಮುಟ್ಟಿಯೇ ಇರದವನು, ತನ್ನ ಕೈಯನ್ನು ಆ ಬೋಳು ತಲೆಯ ಮೇಲೆ ಇಡುವುದನ್ನು ಬಂದವರೆಲ್ಲ ನೋಡಬಹುದು.