ಸುಣ್ಣಕ್ಕಿಲ್ಲದ ನೀರು

“ಗುರುಗಳೇ, ಸೋಲುವುದು ಖಚಿತವೆಂದು ತಿಳಿದ ಮೇಲೂ ಬಲ್ಲಿದನಿಗೆ ಎದುರು ನಿಲ್ಲುವುದು ಹುಂಬತನವಲ್ಲವೇ?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಹೊಲಗಳ ನಡುವೆ ಸುಣ್ಣದ ಕಲ್ಲಿನ ಒಂದು ಗುಡ್ಡವಿತ್ತು. ತಾನಾಗಿ ಉರುಳಿ ಬಿದ್ದ ಕಲ್ಲನ್ನು ಮಾತ್ರ ಆರಿಸಿ ತಂದು, ಸುಟ್ಟು, ಮನೆಗೆ ಬಳಿಯುವುದು ಆ ಊರಿನ ನಡೆ. ಗುಡ್ಡಕ್ಕೆ ಯಾರೂ ಹಾರೆ ಮುಟ್ಟಿಸಿದವರಲ್ಲ. ಅದರ ಬುಡದಲ್ಲಿ ಒಬ್ಬ ರೈತ ಹೆಂಗಸಿನ ಹೊಲ, ಹೊಲದಲ್ಲಿ ಬಾವಿ. ಆ ಬಾವಿ ಬಿಟ್ಟರೆ ನೀರಿಗೆ ದೂರದ ಹೊಳೆಯೇ ಗತಿ.

ಒಬ್ಬ ವರ್ತಕನು ದೊರೆಯಿಂದ ಗುಡ್ಡಕ್ಕೆ ಅಪ್ಪಣೆ ಪಡೆದು ಬಂದನು. ಊರಿನ ಹಿರಿಯರು ತಲೆ ತಗ್ಗಿಸಿ ಮನೆಯೊಳಗೆ ಹೋದರು. ಹಾರೆಗಳು ಎದ್ದವು, ಸುಣ್ಣ ಸುಡುವ ಗೂಡುಗಳು ಉರಿದವು. ಗುಡ್ಡದ ಒಂದು ಮಗ್ಗುಲು ಬೆಂದ ಕಲ್ಲಿನ ರಾಶಿಯಾಯಿತು. ಬೆಂದ ಕಲ್ಲಿಗೆ ನೀರು ಹೊಯ್ದು ಅರಳಿಸಿದರೆ ತಾನೇ ಅದು ಸುಣ್ಣ? ಆಳುಗಳು ಕೊಡ ಹಿಡಿದು ಬಾವಿಗೆ ಬಂದರು.

ಹೆಂಗಸು ಬಾವಿಕಟ್ಟೆಯ ಮೇಲೆ ಕುಳಿತಿದ್ದಳು.

“ಕೊಡ ಆಚೆ ಇಡಿ, ಅಣ್ಣಂದಿರಾ. ಬೊಗಸೆ ಒಡ್ಡಿ” ಎಂದು ಒಬ್ಬೊಬ್ಬರಿಗೂ ಹೊಟ್ಟೆ ತಣಿಯುವಷ್ಟು ನೀರು ಹೊಯ್ದಳು. ಕೊಡಕ್ಕೆ ಒಂದು ಹನಿ ಬಿಡಲಿಲ್ಲ.

ವರ್ತಕನೇ ಬಂದು ನಕ್ಕನು. “ಏನು ತಾಯಿ, ಆಳುಗಳಿಗೆ ಉಂಟು, ಧಣಿಗೆ ಇಲ್ಲವೋ?”

“ನೀವೂ ಬೊಗಸೆ ಒಡ್ಡಿ ಧಣಿ, ಕುಡಿಸುತ್ತೇನೆ. ಗುಡ್ಡ ನುಂಗಿದ್ದು ಅರಗಲಿಕ್ಕೆ ಮಾತ್ರ ನನ್ನ ನೀರು ಕೇಳಬೇಡಿ.”

“ಗುಡ್ಡ ನಿನ್ನದೇನು?”

“ಅಲ್ಲ. ಬಾವಿ ನನ್ನದು.”

ದೊರೆಯ ಅಪ್ಪಣೆಯಲ್ಲಿ ಗುಡ್ಡವಿತ್ತು, ಬಾವಿಯಿರಲಿಲ್ಲ. ಈಗ ಹಿರಿಯರು ಹೊರಗೆ ಬಂದು, ನಿನ್ನೊಬ್ಬಳ ಹಟಕ್ಕೆ ಊರೇ ಹಾಳಾದೀತು ಎಂದು ಅವಳನ್ನು ಗದರಿದರು. ಅವಳು ಬಾವಿಕಟ್ಟೆ ಬಿಟ್ಟು ಏಳಲಿಲ್ಲ, ಕುಳಿತೇ ಇದ್ದಳು.

ವರ್ತಕನು ಹೊಳೆಗೆ ಗಾಡಿ ಕಟ್ಟಿಸಿದನು. ಗಾಡಿಗಳು ಹೊತ್ತು ತಂದ ನೀರು ರಾಶಿಯ ಒಂದು ಮೂಲೆಗೂ ಸಾಲಲಿಲ್ಲ. ಉಳಿದ ಕಲ್ಲು ಬಯಲ ಗಾಳಿಯ ತೇವ ಹೀರಿ ಹೀರಿ ಸತ್ತ ಹಿಟ್ಟಾಯಿತು. ಸತ್ತ ಸುಣ್ಣ ಗೋಡೆಯನ್ನು ಹಿಡಿಯುವುದಿಲ್ಲ. ಸುಟ್ಟ ಸೌದೆಯೂ ದಂಡವಾಯಿತೆಂದು ಬೈದುಕೊಂಡು ವರ್ತಕನು ಬೇರೆ ಸೀಮೆಗೆ ಹೋದನು.

ಇಷ್ಟು ಕೇಳಿಯೂ ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅವಳ ಪುಣ್ಯ, ಹೊಳೆ ದೂರವಿತ್ತು. ಹತ್ತಿರವಿದ್ದಿದ್ದರೆ?”

“ಗುಡ್ಡ ಹೋಗುತ್ತಿತ್ತು” ಎಂದರು ಗುರುಗಳು, “ಅವಳ ಕೈಯ ನೀರಿನಿಂದ ಹೋಗುತ್ತಿರಲಿಲ್ಲ.”